ಸೋಗಾನೆಯ ವಿಮಾನ, ಆಲ್ಕೊಳದ ಸೈಟು

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರ ಪ್ರಶ್ನೆಯೂ ಬದಲಾಗಿದೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ನಿವೃತ್ತನಾದವನು ನಾನು, ಮನೆ ಆಲ್ಕೊಳದಲ್ಲಿ. ಮೊದಲೆಲ್ಲ ಎಂಜಿನಿಯರಿಂಗ್ ಸೀಟಿಗೆ, ಮೆಡಿಕಲ್ ಸೀಟಿಗೆ ಸಾಲ ಎಷ್ಟು ಹುಟ್ಟುತ್ತದೆ ಎಂದು ಕೇಳುತ್ತಿದ್ದರು. ಈಗ ನಡುನಡುವೆ ‘ಪೈಲಟ್ ಕೋರ್ಸಿಗೆ ಎಷ್ಟು ಕೊಡ್ತಾರೆ ಸಾರ್?’ ಎಂಬುದೂ ಸೇರಿಕೊಂಡಿದೆ.

ಕೇಳುವುದರಲ್ಲಿ ಆಶ್ಚರ್ಯವಿಲ್ಲ. 2023ರ ಫೆಬ್ರವರಿ 27ರಂದು ಕುವೆಂಪು ಹೆಸರಿನ ನಿಲ್ದಾಣದ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್ ವಿಮಾನ ಬಂದಿಳಿಯಿತು. ನವೆಂಬರಿನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾ ಎಂದು ಹೊರಟಿತು. ಟಿವಿಯಲ್ಲಿ ಮಾತ್ರ ಕಾಣುತ್ತಿದ್ದ ಕೆಲಸ ಊರ ಮಕ್ಕಳ ಕಣ್ಣಳತೆಗೆ ಬಂತು.

ಮೊನ್ನೆ ಬಂದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈಗ ನಮ್ಮ ಬಡಾವಣೆಯಲ್ಲೇ ಇದ್ದಾರೆ. ಜೊತೆಗೆ ಪಿಯುಸಿ ಮುಗಿಸಿದ ಮಗಳು. ಚೀಲದಿಂದ ಪ್ಲಾಸ್ಟಿಕ್ ಫೋಲ್ಡರ್ ತೆಗೆದು ಸೈಟಿನ ಕ್ರಯಪತ್ರ, ಇ-ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ಟೀಪಾಯಿ ಮೇಲೆ ಸಾಲಾಗಿ ಇಟ್ಟರು. ಊರಲ್ಲಿ ಎರಡು ಎಕರೆ ಅಡಿಕೆ ತೋಟವೂ ಇದೆಯಂತೆ. ‘ಅಡಮಾನಕ್ಕೆ ತೋಟ ಇಟ್ಟುಕೊಳ್ಳಲಿ, ಸೈಟು ಬೇಡ ಅಂತೀವಿ’ ಎಂದರು. ಬ್ಯಾಂಕಿನವರು ಹೇಳುವುದು ಇದರ ಉಲ್ಟಾ. ಅಡಮಾನದ ಆಸ್ತಿಯನ್ನು ಬ್ಯಾಂಕ್ ನೇರವಾಗಿ ವಶಕ್ಕೆ ಪಡೆಯಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಸಾಲ ಕೆಟ್ಟರೆ ತೋಟವನ್ನು ಸುಲಭವಾಗಿ ವಶಕ್ಕೆ ತೆಗೆದುಕೊಳ್ಳಲಾಗದು. ಹಾಗಾಗಿ ದೊಡ್ಡ ಶಿಕ್ಷಣ ಸಾಲಕ್ಕೆ ಅವರ ಕಣ್ಣು ಹೋಗುವುದು ಪೇಟೆಯ ಸೈಟಿನ ಮೇಲೆ, ವಾಸದ ಮನೆಯ ಮೇಲೆ.

‘ಅಂಕಲ್, ಸಣ್ಣ ಕಂಪನೀಲಿ ಬೇಗ ಕ್ಯಾಪ್ಟನ್ ಆಗಬಹುದಂತೆ, ಹೌದಾ?’ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ ಇದು. ಓದಿಕೊಂಡೇ ಬಂದಿದ್ದಳು.

ಹೌದು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರ ಮುಂದೆ ಕ್ಯಾಪ್ಟನ್ ಕುರ್ಚಿಗೆ ಬೇಕಾದ ಮೇಲಿನ ಲೈಸೆನ್ಸ್, ಎಟಿಪಿಎಲ್‌ಗೆ ಒಟ್ಟು 1,500 ಗಂಟೆ. ದೊಡ್ಡ ಕಂಪನಿಗಳಲ್ಲಿ ಬಡ್ತಿಯ ಸಾಲು ಉದ್ದ. ಸಣ್ಣದರಲ್ಲಿ ಸಾಲು ಗಿಡ್ಡ, ಕಂಪನಿ ಬೆಳೆಯುತ್ತಿದ್ದರೆ ಇನ್ನೂ ಗಿಡ್ಡ. ಕಲಿಕೆಯೂ ಗಟ್ಟಿ. ಒಂದೇ ದಿನ ನಾಲ್ಕು ಊರಲ್ಲಿ ಏರಿ ಇಳಿದು, ಮಲೆನಾಡಿನ ಮಳೆ, ಮೋಡ, ಮುಂಜಾನೆಯ ಮಂಜು ನೋಡಿದ ಕೈ ಅದು. ದುಡ್ಡಿನ ಲೆಕ್ಕದಲ್ಲಿ ಮಾತ್ರ ಒಂದು ಕೊಕ್ಕೆ ಇದೆ. ಸಂಬಳದ ದೊಡ್ಡ ಪಾಲು ಹಾರಾಟದ ಗಂಟೆಗೆ ಕಟ್ಟಿದ್ದು. ಗಾಲಿಗೆ ಕೊಟ್ಟ ಅಡ್ಡ ತೆಗೆದಾಗಿನಿಂದ ಮುಂದಿನ ಊರಲ್ಲಿ ಮತ್ತೆ ಅಡ್ಡ ಕೊಡುವ ತನಕ ಮಾತ್ರ ಗಂಟೆ ಓಡುತ್ತದೆ. ನಡುವೆ ಪ್ರಯಾಣಿಕರು ಇಳಿದು ಹತ್ತುವ ಹೊತ್ತು ಆ ಲೆಕ್ಕಕ್ಕಿಲ್ಲ. ಗಿಡ್ಡ ದಾರಿಗಳಲ್ಲಿ ಮೈ ದಣಿಯುವಷ್ಟು ಗಂಟೆ ಕೂಡುವುದಿಲ್ಲ.

ಇನ್ನು ನಾನು ಬ್ಯಾಂಕಿನವನ ಕಣ್ಣಿಂದ ನೋಡುವ ವಿಷಯಕ್ಕೆ ಬರುತ್ತೇನೆ. ಪೈಲಟ್ ಲೈಸೆನ್ಸ್ ಎಂಬುದು ಎಲ್ಲ ವಿಮಾನಕ್ಕೂ ನಡೆಯುವ ಚೀಟಿಯಲ್ಲ. ಒಂದೊಂದು ಮಾದರಿಗೂ ಬೇರೆ ‘ಟೈಪ್ ರೇಟಿಂಗ್’ ಬೇಕು. ಅದಕ್ಕೇ ಹತ್ತು ಲಕ್ಷದ ಮೇಲೆ ಖರ್ಚು. ಕಂಪನಿ ಕೊಡಿಸಿದರೆ ಸಾಮಾನ್ಯವಾಗಿ ಬಾಂಡ್ ಬರೆಸಿಕೊಳ್ಳುತ್ತದೆ. ಘೋಡಾವತ್ ಗುಂಪಿನ ಸ್ಟಾರ್ ಏರ್ 2019ರಲ್ಲಿ 50 ಸೀಟಿನ ಎಂಬ್ರೇಯರ್ ವಿಮಾನದಿಂದ ಶುರುವಾಯಿತು, ಆಮೇಲೆ 76 ಸೀಟಿನದನ್ನು ತಂದಿತು. ಮಂದಿ ಮೆಚ್ಚಿದ ವಿಮಾನ. ಆದರೆ ಸದ್ಯ ದೇಶದಲ್ಲಿ ವೇಳಾಪಟ್ಟಿಯ ಹಾರಾಟಕ್ಕೆ ಎಂಬ್ರೇಯರ್ ಇಟ್ಟುಕೊಂಡಿರುವುದು ಅದೊಂದೇ ಕಂಪನಿ. ಅಲ್ಲಿಂದ ಏರ್‌ಬಸ್‌ಗೋ ಬೋಯಿಂಗ್‌ಗೋ ಹೋಗಬೇಕಾದರೆ ಹಾರಿದ ಗಂಟೆಗಳು ಕೈಬಿಡುವುದಿಲ್ಲ, ರೇಟಿಂಗ್ ಮಾತ್ರ ಹೊಸದಾಗಿ ಆಗಬೇಕು. ಎಟಿಆರ್ ಕಲಿತವರಿಗೆ ಇಂಡಿಗೋ, ಅಲಯನ್ಸ್ ಏರ್, ಫ್ಲೈ91 ಎಂದು ಕೆಲವು ಬಾಗಿಲಿವೆ. ಬಿಟ್ಟು ಹೋಗುವುದಕ್ಕೂ ನಿಯಮವಿದೆ. 2017ರಿಂದ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್.

ಕಂಪನಿಯೇ ನಿಂತುಹೋದರೆ? ಭದ್ರಾವತಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಎಂಪಿಎಂ ಕಾಗದ ಕಾರ್ಖಾನೆ ನಿಂತದ್ದನ್ನೂ, 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗಿನ ಧರಣಿಗಳನ್ನೂ ಅವರು ಕಂಡಿದ್ದಾರೆ. ಒಂದೇ ಕಾರ್ಖಾನೆಯ ಊರಿನ ಕಷ್ಟವೇ ಒಂದೇ ಮಾದರಿಯ ವಿಮಾನ ಕಲಿತವರದ್ದೂ. ಬೆಂಗಳೂರಿನ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಹಾರಿ, 2016ರ ಜುಲೈಯಲ್ಲಿ ನಿಂತಿತು. ಬೀದರಿಗೆ, ಜಿಂದಾಲ್ ವಿದ್ಯಾನಗರಕ್ಕೆ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತಿತು. ದೊಡ್ಡವರೂ ಹೊರತಲ್ಲ: 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್.

ಸಣ್ಣ ಊರಿನ ದಾರಿಗಳ ಬೆನ್ನಿಗಿರುವುದು ಉಡಾನ್ ಯೋಜನೆಯ ಸಹಾಯಧನ, ಅದೂ ಮೊದಲ ಸುತ್ತುಗಳಲ್ಲಿ ಮೂರು ವರ್ಷಕ್ಕಷ್ಟೇ ಇತ್ತು. ಸಿಎಜಿ 2023ರ ವರದಿಯಲ್ಲಿ ಮೊದಲ ಮೂರು ಸುತ್ತುಗಳ ಲೆಕ್ಕ ಕೊಟ್ಟಿದೆ: ಹಂಚಿದ್ದು 774 ದಾರಿ, ಹಾರಾಟ ಶುರುವಾದದ್ದು 371ರಲ್ಲಿ, ಮೂರು ವರ್ಷ ಪೂರೈಸಿದ್ದು 112, ಆಮೇಲೂ ಉಳಿದದ್ದು 54. ದಾರಿ ನಿಂತರೆ ಪೈಲಟ್ ಕೆಲಸ ಅಂದೇ ಹೋಗುವುದಿಲ್ಲ. ವಿಮಾನ ಇನ್ನೊಂದು ದಾರಿಗೆ ಹೋಗುತ್ತದೆ. ಆದರೆ ಕಂಪನಿಯ ಉಸಿರು ಎಷ್ಟು ಗಿಡ್ಡ ಎಂಬುದು ಈ ಅಂಕಿಯಲ್ಲಿ ಕಾಣುತ್ತದೆ.

ಹಾಗೆಂದು ಕೆಲಸವೇ ಇಲ್ಲ ಎಂದಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟಿವೆ. ವಿಶ್ರಾಂತಿಯ ಹೊಸ ನಿಯಮ ಬಂದಾಗ ಪೈಲಟ್‌ಗಳು ಸಾಲದೆ 2025ರ ಡಿಸೆಂಬರಿನಲ್ಲಿ ಇಂಡಿಗೋ ಹಾರಾಟಗಳು ರಾಶಿರಾಶಿಯಾಗಿ ರದ್ದಾದವು. ಕೊರತೆ ಇರುವುದು ಗಂಟೆ ಕೂಡಿಸಿಕೊಂಡವರದು. 200 ಗಂಟೆಯ ಹೊಸಬರು ಲೈಸೆನ್ಸ್ ಹಿಡಿದು ವರ್ಷಗಟ್ಟಲೆ ಕಾಯುವುದೂ ಇದೆ. ನನ್ನ ಅಣ್ಣನ ಮಗ ಹೀಗೇ ಕಾದ. ಅವನ ಸಾಲಕ್ಕೆ ಜಾಮೀನುದಾರ ನಾನೇ. ಕಾಯುವಾಗಲೂ ಮೆಡಿಕಲ್ ಪ್ರಮಾಣಪತ್ರ, ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷ ವರ್ಷ ನವೀಕರಿಸಬೇಕು, ಅದೂ ಕೈಯಿಂದಲೇ. ‘ಚಿಕ್ಕಪ್ಪಾ, ಬಡ್ಡಿ ನಾನು ನೋಡ್ಕೋತೀನಿ’ ಎನ್ನುತ್ತಿದ್ದ. ನೋಡಿಕೊಂಡದ್ದು ಅಣ್ಣನ ಪಿಂಚಣಿ. ಕೊನೆಗೆ ಸಣ್ಣ ಕಂಪನಿಯೊಂದು ಕರೆದಾಗ ಸಂಬಳ ಎಷ್ಟೆಂದು ಯಾರೂ ಕೇಳಲಿಲ್ಲ.

ಬಂದವರಿಗೆ ಕಾಗದದ ಮೇಲೆ ಹಾಕಿಕೊಟ್ಟ ಲೆಕ್ಕ ಇದು. 50 ಲಕ್ಷ ಸಾಲ, ಶೇ 11 ಬಡ್ಡಿ, ಹತ್ತು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 68,900 ರೂಪಾಯಿ. ಕೆಲಸ ಸಿಗದ ತಿಂಗಳಲ್ಲಿ ಬರೀ ಬಡ್ಡಿಯೇ 45,800. ಕೋರ್ಸು ಮುಗಿದು ಒಂದು ವರ್ಷ ಸಾಮಾನ್ಯವಾಗಿ ಕಂತು ಕಟ್ಟಿಸುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಎಂದು ಏಜೆಂಟರು ಹೇಳುತ್ತಾರೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಕ್ಯಾಪ್ಟನ್ ಸಂಬಳ ನೋಡಿ ಸಾಲದ ಮೊತ್ತ ತೀರ್ಮಾನಿಸಬಾರದು. ಎರಡು ವರ್ಷ ಮಗಳಿಗೆ ಕೆಲಸ ಸಿಗದಿದ್ದರೂ ಮನೆಯವರು ಎಷ್ಟು ಸಾಲದ ಬಡ್ಡಿ ಕಟ್ಟಬಲ್ಲರೋ, ಅಷ್ಟೇ ಸಾಲ. ಉಳಿದದ್ದಕ್ಕೆ ಉಳಿತಾಯದ ದುಡ್ಡು ಇರಬೇಕು, ಇಲ್ಲವೇ ಒಂದೆರಡು ವರ್ಷ ತಡೆಯಬೇಕು. ಪೈಲಟ್‌ಗಳು 65ರ ತನಕ ಹಾರಬಹುದು, ಹದಿನೆಂಟಕ್ಕೇ ಓಡಬೇಕಾದ್ದೇನಿಲ್ಲ.

ಪೈಲಟ್ ಆಗಹೊರಟ ಮಕ್ಕಳ ತಂದೆತಾಯಿಗೆ ನನ್ನ ಕೇಳಿಕೆ ಇಷ್ಟು. ಮೊದಲು ಕ್ಲಾಸ್ ಟೂ, ಆಮೇಲೆ ಕ್ಲಾಸ್ ಒನ್ ಮೆಡಿಕಲ್ ಪರೀಕ್ಷೆ ಮಾಡಿಸಿ, ಬೆಂಗಳೂರಿನಲ್ಲೇ ಆಗುತ್ತದೆ. ನ್ಯಾವಿಗೇಶನ್, ಹವಾಮಾನ, ನಿಯಮಾವಳಿ ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಪತ್ರಿಕೆಗಳಿಗೆ ಮನೆಯಲ್ಲೇ ಓದಿಸಿ, ಬರೆಸಿ. ಇವೆರಡೂ ಪಾಸಾಗುವ ತನಕ ಸೈಟಿನ ಪತ್ರ ಬೀರುವಿನಲ್ಲೇ ಇರಲಿ.