ರ‍್ಯಾಮ್ ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ

ಬೀರೂರಿನ ಅಡಿಕೆ ಮಂಡಿಗಳಲ್ಲಿ, ಕಡೂರು, ತರೀಕೆರೆಯ ಜೆರಾಕ್ಸ್ ಅಂಗಡಿಗಳಲ್ಲಿ ಹತ್ತು ಹನ್ನೆರಡು ವರ್ಷದ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಆನ್ ಮಾಡಿ, ಕಾಫಿ ಕುಡಿದು ಬಂದರೂ ಟ್ಯಾಲಿ ತೆರೆದಿರುವುದಿಲ್ಲ. ಯಾರನ್ನು ಕೇಳಿದರೂ ‘ರ‍್ಯಾಮ್ ಹಾಕಿಸಿ’ ಅಂತಾರೆ. ಬಹಳಷ್ಟು ಸಲ ತೊಂದರೆ ಇರುವುದು ರ‍್ಯಾಮಿನಲ್ಲಲ್ಲ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಡಿಸ್ಕ್ 100 ಪರ್ಸೆಂಟ್‌ನಲ್ಲೇ ನಿಂತು, ಮೆಮೊರಿ ಅರ್ಧದಲ್ಲಿದ್ದರೆ ನಿಮಗೆ ಬೇಕಾದದ್ದು ಎಸ್‌ಎಸ್‌ಡಿ. ಎರಡೂ ತುಂಬಿದ್ದರೂ ಕೈಯಲ್ಲಿ ಒಂದಕ್ಕೇ ಕಾಸಿದ್ದರೆ ಎಸ್‌ಎಸ್‌ಡಿಗೇ ನನ್ನ ಓಟು. 2.5 ಇಂಚಿನ ಸಾಟಾ, 256 ಜಿಬಿ ಸಾಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ, ಇದು ಹಳೇ ಸಾಟಾ-2 ಪೋರ್ಟಿನಲ್ಲೂ 250ರ ಆಸುಪಾಸು ಓದುತ್ತದೆ. ಚಿಕ್ಕಪುಟ್ಟ ಫೈಲುಗಳನ್ನು ಹುಡುಕುವಾಗಲಂತೂ ಹೋಲಿಕೆಯೇ ಇಲ್ಲ.

ಇನ್ನು ರ‍್ಯಾಮ್. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ರೈಲು ಹತ್ತಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ‘8 ಜಿಬಿ ಕೊಡಿ’ ಅಂದರೆ ಕೊಡುತ್ತಾರೆ. ಊರಿಗೆ ತಂದು ನೋಡಿದರೆ ಸ್ಲಾಟಿಗೆ ಕೂರುವುದಿಲ್ಲ. ಡಿಡಿಆರ್3ಗೂ ಡಿಡಿಆರ್4ಗೂ ತಳದ ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋದರೆ ಬೋರ್ಡೇ ಹೋಗುತ್ತದೆ. ಕೂತ ಮಾತ್ರಕ್ಕೆ ನಡೆಯುತ್ತದೆ ಅಂತಲೂ ಇಲ್ಲ. ಬೋರ್ಡಿನ ಮೇಲೆ ಅಚ್ಚಾದ ಹೆಸರು ಓದಿಕೊಳ್ಳಿ. ಜಿ31 ಚಿಪ್‌ಸೆಟ್ ಆದರೆ 4 ಜಿಬಿಗೆ ಮುಗಿಯಿತು, ಅದಕ್ಕೆ ಖರ್ಚು ಮಾಡಲೇಬೇಡಿ. ಎಚ್61 ಆದರೆ 16ರವರೆಗೆ ಹೋಗುತ್ತದೆ. ಸತಾಯಿಸುವುದು ನಡುವಿನ ಜಿ41. ಅದರ ಮಿತಿ 8 ಜಿಬಿ, ಅದೂ 8ರ ಒಂದೇ ಸ್ಟಿಕ್ ನಡೆಯದು, 4ರ ಎರಡು ಬೇಕು. ಆ 4 ಜಿಬಿ ಸ್ಟಿಕ್‌ನಲ್ಲಿ ಎರಡೂ ಮಗ್ಗುಲಿಗೆ ಎಂಟೆಂಟರಂತೆ 16 ಕರಿ ಚಿಪ್ ಇರಬೇಕು; ಒಂದೇ ಮಗ್ಗುಲಲ್ಲಿ ಎಂಟಿರುವುದನ್ನು ಹಾಕಿದರೆ ಸಾಮಾನ್ಯವಾಗಿ ಪರದೆಯೇ ಬರುವುದಿಲ್ಲ. ಅಗ್ಗಕ್ಕೆ ಸಿಗುವ ‘ಎಎಂಡಿ ಮಾತ್ರ’ ಸ್ಟಿಕ್ ಇಂಟೆಲ್ ಬೋರ್ಡಿಗೆ ಬೇಡ. ಇಷ್ಟೆಲ್ಲ ತಲೆಬಿಸಿ ಯಾಕೆ ಅನ್ನುವವರು, ಹಳೇ ಸ್ಟಿಕ್ಕನ್ನೇ ಬಿಚ್ಚಿ ಜೊತೆಗೆ ಒಯ್ಯಿರಿ, ಬೋರ್ಡಿನ ಫೋಟೊವೂ ಮೊಬೈಲಿನಲ್ಲಿರಲಿ. ವಿಂಡೋಸ್ 32 ಬಿಟ್‌ನದಾದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಲಾಭವಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಏರಿರುವುದರಿಂದ ಈ ತಪ್ಪು ಮೊದಲಿಗಿಂತ ದುಬಾರಿ.

ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕುವ ಮೊದಲು ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ತೆಗೆದಿಡಿ. ಡಿಟಿಪಿಯವರು ನುಡಿ ಫಾಂಟುಗಳನ್ನೂ ಮರೆಯಬೇಡಿ. ಯೂನಿಕೋಡ್ ಅಲ್ಲದ ಹಳೇ ಲಗ್ನಪತ್ರಿಕೆ ಫೈಲುಗಳು ಆ ಫಾಂಟಿಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಪವರ್ ಕಿತ್ತು, ಒಳಗಿನ ದೂಳು ಬ್ರಷ್‌ನಿಂದ ತೆಗೆದು, ಎಸ್‌ಎಸ್‌ಡಿ ಜೋಡಿಸಿ. ಇನ್‌ಸ್ಟಾಲ್ ಮುಗಿಯುವ ತನಕ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿಯೇ ಇರಲಿ. ಇಲ್ಲವಾದರೆ ಬೂಟ್ ಫೈಲ್ ಅದರಲ್ಲಿ ಹೋಗಿ ಕೂರುವುದುಂಟು. ಮುಂದೆ ಆ ಡಿಸ್ಕ್ ಕೆಟ್ಟ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ. ಗಡಿಯಾರ ದಿನಾ ತಪ್ಪು ತೋರಿಸುತ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ಲನ್ನೂ ಬದಲಿಸಿಬಿಡಿ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿನಿಂದೀಚೆಗಿನ ಪ್ರೊಸೆಸರ್ ಕೇಳುತ್ತದೆ, ಈ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಅದಿಲ್ಲ. ಟ್ಯಾಲಿಯ ಹಂಗಿಲ್ಲದವರಿಗೆ ಲಿನಕ್ಸ್ ಮಿಂಟ್ ಇದೆ, ಪುಕ್ಕಟೆ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ, ನಿಮ್ಮ ಪ್ರಿಂಟರ್ ಅದಕ್ಕೆ ಸಿಗುತ್ತದೆಯೇ ನೋಡಿಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಿ.