ಕೇಬಲ್ ಚುಚ್ಚುವ ಮುಂಚೆ ಒಂದು ಮಾತು ಕೇಳಮ್ಮ

ನಿನ್ನ ಪ್ರಾಜೆಕ್ಟಿನ ವಿಷಯ ನಿಮ್ಮಪ್ಪ ಹೇಳಿದ. ಯಲಹಂಕದ ಕಾಲೇಜಿನಲ್ಲಿ ಕೊನೆಯ ವರ್ಷ. ದೇವನಹಳ್ಳಿ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪುಟ್ಟ ಬೋರ್ಡು. ಅದನ್ನು ಹಳೇ ಆಂಡ್ರಾಯ್ಡ್ ಫೋನಿಗೆ ಯುಎಸ್‌ಬಿ ವೈರಿನಲ್ಲಿ ಸೇರಿಸಿದರೆ ತೋಟದವರಿಗೆ ಪರದೆಯ ಮೇಲೆ ಅಂಕಿ ಕಾಣಬೇಕು. ಫೋನು ಮಾತ್ರ ಬೋರ್ಡನ್ನು ಕಣ್ಣೆತ್ತಿ ನೋಡುತ್ತಿಲ್ಲವಂತೆ. ಕೋಡು ಬರೆಯುವುದರಲ್ಲಿ ನೀನು ನನಗಿಂತ ಎಷ್ಟೋ ಮುಂದೆ ಇದ್ದೀಯ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಜಾಲಹಳ್ಳಿಯ ಕಾರ್ಖಾನೆಯ ಟೆಸ್ಟಿಂಗ್ ಬೆಂಚಿನ ಮುಂದೆ ಕೂತೇ ತಲೆ ನೆರೆತವನು ನಾನು. ಎರಡು ಯಂತ್ರಗಳನ್ನು ಒಂದು ವೈರಿನಲ್ಲಿ ಸೇರಿಸುವಾಗ ಕೋಡಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಇಬ್ಬರಲ್ಲಿ ಹೇಳುವವರು ಯಾರು, ಕೇಳುವವರು ಯಾರು? ಕರೆಂಟು ಯಾರಿಂದ ಯಾರಿಗೆ? ನೀನು ಯಾರಿಗೆ ಏನು ಮಾಡಲು ಒಪ್ಪಿಗೆ ಕೊಟ್ಟಿದ್ದೀಯ? ಇವಿಷ್ಟಕ್ಕೆ ಉತ್ತರ ಗೊತ್ತಿಲ್ಲದೆ ಕೇಬಲ್ ಚುಚ್ಚಬೇಡ.

ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಯುಎಸ್‌ಬಿಯಲ್ಲಿ ಯಜಮಾನ ಒಬ್ಬನೇ. ನೀವು ಹೋಸ್ಟ್ ಅನ್ನುತ್ತೀರಲ್ಲ, ಅವನು. ಹಾಜರಿ ಕರೆಯುವ ಮೇಷ್ಟ್ರ ಹಾಗೆ ಅವನು ಕರೆದಾಗ ಮಾತ್ರ ಎದುರಿನ ಯಂತ್ರ ಬಾಯಿ ಬಿಡಬೇಕು. ತಾನಾಗಿ ಮಾತು ಶುರು ಮಾಡುವ ಹಕ್ಕು ಅದಕ್ಕಿಲ್ಲ. 1996ರಲ್ಲಿ ಇದರ ಮೊದಲ ಆವೃತ್ತಿ ಹೊರಬಂದಾಗ (ಇಂಟೆಲ್‌ನಲ್ಲಿ ಇದರ ಹಿಂದಿದ್ದವರಲ್ಲಿ ಪ್ರಮುಖರು ವಡೋದರಾದಲ್ಲಿ ಓದಿ ಹೋದ ಅಜಯ್ ಭಟ್) ಲೆಕ್ಕ ಸುಲಭವಾಗಿತ್ತು. ಕಂಪ್ಯೂಟರ್ ಯಜಮಾನ, ಮೌಸು, ಕೀಬೋರ್ಡು, ಪ್ರಿಂಟರು ಎಲ್ಲವೂ ಹೇಳಿದ್ದು ಕೇಳುವಂಥವು. ಫೋನು ಬಂದ ಮೇಲೆ ಈ ಲೆಕ್ಕ ತಪ್ಪಿತು. ಲ್ಯಾಪ್‌ಟಾಪಿಗೆ ಚುಚ್ಚಿದಾಗ ಫೋನು ಹೇಳಿದ್ದು ಕೇಳಬೇಕು. ಅದೇ ಫೋನಿಗೆ ಪೆನ್‌ಡ್ರೈವ್ ಚುಚ್ಚಿದರೆ ಫೋನೇ ಯಜಮಾನ. ಈ ಎರಡು ಪಾತ್ರಕ್ಕೆ 2001ರಲ್ಲೇ ಒಟಿಜಿ ಎಂಬ ಏರ್ಪಾಡು ಮಾಡಿದರು. ಹಳೇ ಮೈಕ್ರೊ ಯುಎಸ್‌ಬಿಯ ಐದು ಪಿನ್ನುಗಳಲ್ಲಿ ಒಂದನ್ನು ಗ್ರೌಂಡಿಗೆ ಸೇರಿಸಿದರೆ, 'ಈಗ ನೀನು ಯಜಮಾನ' ಎಂದು ಫೋನಿಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಸಿಗುವ ಒಟಿಜಿ ಅಡಾಪ್ಟರಿನ ಗುಟ್ಟು ಅಷ್ಟೇ.

ಇದು ಕಾಲೇಜಿನ ಲ್ಯಾಬಿಗೆ ಮಾತ್ರ ಸೇರಿದ್ದು ಅಂದುಕೊಳ್ಳಬೇಡ. ನಮ್ಮಂಥ ಪಿಂಚಣಿದಾರರು ವರ್ಷಕ್ಕೊಮ್ಮೆ 'ಬದುಕಿದ್ದೇವೆ' ಎಂದು ತೋರಿಸಬೇಕಲ್ಲ, ಆ ಜೀವನ್ ಪ್ರಮಾಣ್ ವ್ಯವಸ್ಥೆ 2014ರಲ್ಲಿ ಶುರುವಾಯಿತು. 2018ರಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಬಂತು. ಈಗ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು, ಫೋನಿಗೆ ಬೆರಳಚ್ಚಿನ ಪುಟ್ಟ ಯಂತ್ರ ಸಿಕ್ಕಿಸಿ, ಹೆಬ್ಬೆರಳು ಇಡಿಸಿಕೊಂಡು ಕೆಲಸ ಮುಗಿಸುತ್ತಾರೆ. ಅಲ್ಲಿ ಯಜಮಾನ ಫೋನು. ಆ ಯಂತ್ರಕ್ಕೆ ಕರೆಂಟು ಕೊಡುವುದೂ ಫೋನೇ. ಆಧಾರ್‌ಗೆ ಒಪ್ಪಿಗೆಯಾದ ಯಂತ್ರವೇ ಆಗಿರಬೇಕು. ಜೊತೆಗೆ ತಯಾರಕರ ಆರ್‌ಡಿ ಸರ್ವೀಸ್ ಎಂಬ ಆ್ಯಪು ಆ ಫೋನಿನಲ್ಲಿರಬೇಕು. ಯಂತ್ರದ ದೀಪ ಹತ್ತಿದರೂ ಕೆಲಸ ಮುಂದಕ್ಕೆ ಹೋಗದಿದ್ದರೆ ಎಷ್ಟೋ ಸಲ ಆ ಆ್ಯಪು ಇಲ್ಲದಿರುವುದೇ ಕಾರಣ. ವೈರು ಸೇರಿದ ಮಾತ್ರಕ್ಕೆ ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ.

ನಿನ್ನ ಬೋರ್ಡಿನ ಕಥೆಯೂ ಅದೇ ಇರಬಹುದು. ಫೋನು ಯಜಮಾನನಾಗಿ ಹೊರಗಿನ ಯಂತ್ರದ ಜೊತೆ ಆ್ಯಪಿನ ಮೂಲಕ ಮಾತಾಡುವ ದಾರಿಯನ್ನು ಆಂಡ್ರಾಯ್ಡ್ 3.1ರಲ್ಲಿ, 2011ರಲ್ಲಿ, ತೆರೆದರು. ಎಸ್‌ಪಿ ರೋಡಿನಲ್ಲಿ ಸಿಗುವ ಅಗ್ಗದ ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಸಿಎಚ್340 ಎಂಬ ಚಿಪ್ಪು ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಹಾಕಿಕೊಂಡು ಮರೆತುಬಿಡುತ್ತೀರಿ. ಫೋನಿನಲ್ಲಿ ಆ ಡ್ರೈವರಿನ ಕೆಲಸವನ್ನು ನಿನ್ನ ಆ್ಯಪೇ ಮಾಡಬೇಕು. ಅದಕ್ಕೆ 'ಯುಎಸ್‌ಬಿ ಸೀರಿಯಲ್ ಫಾರ್ ಆಂಡ್ರಾಯ್ಡ್' ಎಂಬ ಮುಕ್ತ ಲೈಬ್ರರಿ ಇದೆ, ಅದನ್ನೇ ಬಳಸು. ಹೊಸದಾಗಿ ಬರೆಯುವ ಹುಮ್ಮಸ್ಸು ಈ ಸೆಮಿಸ್ಟರಿಗೆ ಬೇಡ. ಇನ್ನೊಂದು ಕಡೆ ಮಕ್ಕಳು ಎಡವುತ್ತಾರೆ. ಬೋರ್ಡು ಚುಚ್ಚಿದ ಕೂಡಲೇ ಆ್ಯಪು ಏಳಬೇಕಾದರೆ ತಯಾರಕರ ಅಂಕಿ, ಸಾಮಾನಿನ ಅಂಕಿ ಎರಡನ್ನೂ ಮೊದಲೇ ಬರೆದಿಡಬೇಕು. ವಿಂಡೋಸ್ ಅವನ್ನು ಹೆಕ್ಸ್‌ನಲ್ಲಿ ತೋರಿಸುತ್ತದೆ. ಅದನ್ನು ಹಾಗೇ ಇಳಿಸಿಕೊಂಡರೆ ಆಂಡ್ರಾಯ್ಡ್ ಮಾಮೂಲಿ ದಶಮಾನ ಅಂಕಿ ಎಂದೇ ಓದಿಕೊಂಡು ಸುಮ್ಮನಿದ್ದುಬಿಡುತ್ತದೆ. ಸಿಎಚ್340ಕ್ಕೆ ದಶಮಾನದಲ್ಲಿ 6790, 29987. ನಿನ್ನ ಬೋರ್ಡಿನಲ್ಲಿ ಬೇರೆ ಚಿಪ್ಪಿದ್ದರೆ ಅಂಕಿಯೂ ಬೇರೆ, ನೋಡಿಕೋ. ವೇಗ ಎರಡು ಕಡೆಯೂ ಒಂದೇ ಇರಲಿ, ಬೋರ್ಡಿನಲ್ಲಿ 9600 ಎಂದರೆ ಆ್ಯಪಿನಲ್ಲೂ 9600. ಕೆಲವು ಬೋರ್ಡುಗಳು ಡಿಟಿಆರ್ ಎಂಬ ಸಂಕೇತ ಏರುವ ತನಕ ತುಟಿ ಬಿಚ್ಚುವುದಿಲ್ಲ, ಅದನ್ನೂ ಏರಿಸಿ ನೋಡು.

ಇಷ್ಟು ಮಾಡಿದರೂ ಫೋನು ಬೋರ್ಡನ್ನು ಕಾಣದಿದ್ದರೆ ಕೋಡು ಮುಚ್ಚಿಡು, ವೈರು ಕೈಗೆತ್ತಿಕೋ. ಚಾರ್ಜಿಗೆಂದೇ ಮಾಡಿದ ಕೇಬಲ್ಲುಗಳಲ್ಲಿ ಮಾಹಿತಿ ಸಾಗುವ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೂ ಆಗದು. ಟೈಪ್-ಸಿ ಬಂದ ಮೇಲಂತೂ ತೊಂದರೆ ಸೂಕ್ಷ್ಮವಾಯಿತು. ಎರಡು ತುದಿಯೂ ಒಂದೇ ಥರ, ಯಜಮಾನ ಯಾವ ಕಡೆ ಎಂದು ಕಣ್ಣಿಗೆ ತಿಳಿಯುವಂತಿಲ್ಲ. ಆ ತೀರ್ಮಾನ ಒಳಗಿನ ಸಿಸಿ ಎಂಬ ಪಿನ್ನಿನ ಮೇಲೆ, ರೆಸಿಸ್ಟರುಗಳ ಲೆಕ್ಕದಲ್ಲಿ ನಡೆಯುತ್ತದೆ. 'ನನಗೆ ಕರೆಂಟು ಬೇಕು' ಎಂದು ಹೇಳಬೇಕಾದ ಬೋರ್ಡು ಅಲ್ಲಿ 5.1 ಕಿಲೋ ಓಮಿನ ರೆಸಿಸ್ಟರ್ ಇಟ್ಟುಕೊಂಡಿರಬೇಕು. ಕೆಲವು ಅಗ್ಗದ ಬೋರ್ಡುಗಳಲ್ಲಿ ನಾಲ್ಕು ಕಾಸು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಅಂಥ ಬೋರ್ಡಿಗೆ ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ಫೋನು ಅದು ಬಂದದ್ದನ್ನೇ ಗಮನಿಸದು. ಫೋನಿಗೆ ಒಟಿಜಿ ಅಡಾಪ್ಟರ್ ಹಾಕಿ, ಅದರಿಂದ ಎ-ಸಿ ಕೇಬಲ್ ಎಳೆದರೆ ದೀಪ ಹತ್ತುತ್ತದೆ. ನಿನ್ನದು ಇದೇ ರೋಗ ಎಂದು ನನಗೆ ಅರ್ಧ ನಂಬಿಕೆ. ಕೆಲವು ಕಂಪನಿಯ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಒಟಿಜಿಗೆ ಬೇರೆಯೇ ಸ್ವಿಚ್ಚೂ ಇರುತ್ತದೆ, ಸ್ವಲ್ಪ ಹೊತ್ತು ಏನೂ ಸೇರಿಸದಿದ್ದರೆ ತಾನೇ ಆಫ್ ಆಗುತ್ತದೆ. ಅದನ್ನೂ ನೋಡಿದೆಯಾ?

ಕೇಬಲ್ಲಿನ ವಿಷಯದಲ್ಲಿ ಅನುಮಾನ ಒಳ್ಳೆಯದು. ಬೆನ್ಸನ್ ಲ್ಯೂಂಗ್ ಎಂಬ ಗೂಗಲ್ ಎಂಜಿನಿಯರು 2015ರಲ್ಲಿ ಮಾರುಕಟ್ಟೆಯ ಟೈಪ್-ಸಿ ಕೇಬಲ್ಲುಗಳನ್ನು ತರಿಸಿ ಒಂದೊಂದಾಗಿ ಪರೀಕ್ಷಿಸಿ ಬರೆಯತೊಡಗಿದರು. ಎಷ್ಟೋ ಕೇಬಲ್ಲುಗಳಲ್ಲಿ 56 ಕಿಲೋ ಓಮ್ ಇರಬೇಕಾದ ಕಡೆ 10 ಕಿಲೋ ಓಮ್ ಇತ್ತು; ಅಂದರೆ ಕೊಡುವ ಕಡೆಗೆ ಶಕ್ತಿ ಇಲ್ಲದಿದ್ದರೂ 'ಇದೆ, ಎಳೆದುಕೋ' ಎಂದು ಫೋನಿಗೆ ಸುಳ್ಳು ಹೇಳುವ ಕೇಬಲ್ಲು. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್ಲಿನೊಳಗೆ ಕರೆಂಟಿನ ತಂತಿ, ಗ್ರೌಂಡು ಅದಲುಬದಲಾಗಿದ್ದು ಅವರ ಲ್ಯಾಪ್‌ಟಾಪೇ ಕೆಟ್ಟುಹೋಯಿತು. ತಿಳಿದವರ ಬೆಂಚಿನ ಮೇಲೇ ಹೀಗಾದ ಮೇಲೆ ರಸ್ತೆ ಬದಿಯ ರಾಶಿಯಿಂದ ಆರಿಸಿದ ವೈರನ್ನು ಮಲ್ಟಿಮೀಟರ್ ಇಟ್ಟು ನೋಡದೆ ನಂಬುವುದು ಯಾಕೆ?

ಇನ್ನು ಕರೆಂಟು. ಫೋನು ಯಜಮಾನನಾದಾಗ 5 ವೋಲ್ಟು ಅದರ ಬ್ಯಾಟರಿಯಿಂದಲೇ ಹೋಗಬೇಕು. ಸೆನ್ಸರಿಗೆ, ಸಣ್ಣ ಬೋರ್ಡಿಗೆ ಸಾಕು. ನೀನು ಮುಂದೆ ಪಂಪಿನ ರಿಲೇ ಸೇರಿಸುವ ಯೋಚನೆಯಲ್ಲಿದ್ದೀಯ ಎಂದು ಕೇಳಿದೆ. ಯುಎಸ್‌ಬಿ 2.0 ಲೆಕ್ಕದಲ್ಲಿ ಕಂಪ್ಯೂಟರಿನ ಪೋರ್ಟು ಕೊಡುವುದೇ 500 ಮಿಲಿ ಆ್ಯಂಪಿಯರು. ಫೋನಿನಿಂದ ಅಷ್ಟೂ ಎಳೆಯುವ ಆಸೆ ಬೇಡ. ಮೋಟರಿಗೆ, ರಿಲೇಗೆ ಬೇರೆ ಸಪ್ಲೈ ಇಡು. ಕಾಯಿಲಿಗೆ ಅಡ್ಡಲಾಗಿ ಡಯೋಡು ಮರೆಯಬೇಡ; ರಿಲೇ ಬಿಟ್ಟಾಗ ಬರುವ ಏಟು ಬೋರ್ಡನ್ನು ದಾಟಿ ಫೋನಿನ ತನಕ ಹೋಗಬಲ್ಲದು. 230 ವೋಲ್ಟಿನ ಕಡೆಗೂ ಫೋನಿನ ಕಡೆಗೂ ತಂತಿಯ ಸಂಬಂಧವೇ ಇರಕೂಡದು. ಆಪ್ಟೊ ಇರುವ ರಿಲೇ ತಗೋ, ಐವತ್ತು ರೂಪಾಯಿ ಜಾಸ್ತಿಯಾದರೂ ಚಿಂತೆಯಿಲ್ಲ. ಇನ್ನೊಂದು ಮಾತು ಹಳಬನ ಗೊಣಗಾಟ ಅನ್ನಿಸಿದರೂ ಹೇಳುತ್ತೇನೆ. ಅರ್ಥಿಂಗ್ ಸರಿಯಿಲ್ಲದ ಪಿಜಿ ರೂಮಿನಲ್ಲಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಅದರ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ, ಗಮನಿಸಿದ್ದೀಯಾ? ಆ ಸೋರಿಕೆ ಯುಎಸ್‌ಬಿ ವೈರಿನಲ್ಲಿ ನಿನ್ನ ಬೋರ್ಡಿಗೂ ಬರುತ್ತದೆ. ಮಣ್ಣಿನಲ್ಲಿ ಕಡ್ಡಿ ನೆಟ್ಟು ತೇವ ಅಳೆಯುವಾಗ ಅಂಕಿ ಕುಣಿದರೆ ಸೆನ್ಸರನ್ನು ಬೈಯುವ ಮೊದಲು ಚಾರ್ಜರ್ ಕಿತ್ತು ನೋಡು.

ನಿನಗೆ ನಿಜವಾಗಿ ಉಪಯೋಗವಾಗುವ ಒಂದು ಉಪಾಯ ಇದೆ. ಫೋನಿಗೆ ಇರುವುದು ಒಂದೇ ತೂತು. ಅದಕ್ಕೆ ಬೋರ್ಡು ಹಾಕಿದರೆ ಲ್ಯಾಪ್‌ಟಾಪಿಗೆ ಜಾಗವಿಲ್ಲ. ಆ್ಯಪು ಒಳಗೆ ಏನು ಹೇಳುತ್ತಿದೆ ಎಂದು ನೋಡುವುದು ಹೇಗೆ? ಆಂಡ್ರಾಯ್ಡ್ 11ರಿಂದ ವೈಫೈ ಮೂಲಕವೇ ಡಿಬಗ್ ಮಾಡಬಹುದು. ಡೆವಲಪರ್ ಆಪ್ಷನ್ಸ್‌ನಲ್ಲಿ ವೈರ್‌ಲೆಸ್ ಡಿಬಗಿಂಗ್ ಆನ್ ಮಾಡಿ, ಅದು ತೋರಿಸುವ ಕೋಡು ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಆಯಿತು. ಕಾಲೇಜಿನ ವೈಫೈ ಬೇಡ, ನಿನ್ನದೇ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಬಳಸು. ವೈರಿನಲ್ಲೇ ಮಾಡುವುದಾದರೆ ಲಿನಕ್ಸಿನಲ್ಲಿ 'ಪರ್ಮಿಷನ್ ಇಲ್ಲ' ಎಂದು ಬಂದರೆ ಯುಡೆವ್ ನಿಯಮ ಬರೆಯಬೇಕು. 'ಅನ್ಆಥರೈಸ್ಡ್' ಎಂದು ಬಂದರೆ ಫೋನಿನ ಪರದೆಯನ್ನು ಅನ್‌ಲಾಕ್ ಮಾಡಿ ನೋಡು, ಅಲ್ಲೊಂದು ಪ್ರಶ್ನೆ ನಿನಗಾಗಿ ಕಾಯುತ್ತಿರುತ್ತದೆ.

ಆ ಪ್ರಶ್ನೆಯ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಿರುವುದು. 2013ರಲ್ಲಿ ಬಂದ ಆಂಡ್ರಾಯ್ಡ್ 4.2.2ರಿಂದ ಹೊಸ ಕಂಪ್ಯೂಟರು ಡಿಬಗ್ ಮಾಡಲು ಬಂದರೆ ಫೋನು ಅದರ ಕೀಲಿಯ ಗುರುತು ತೋರಿಸಿ 'ಬಿಡಲೇ?' ಎಂದು ಕೇಳುತ್ತದೆ. ಕೆಳಗೆ 'ಈ ಕಂಪ್ಯೂಟರಿಗೆ ಯಾವಾಗಲೂ ಅನುಮತಿಸು' ಎಂಬ ಚೌಕ. ನೀವೆಲ್ಲ ಓದದೆ ಟಿಕ್ ಮಾಡುತ್ತೀರಿ. ಡಿಬಗ್ ಅನುಮತಿ ಸಿಕ್ಕ ಕಂಪ್ಯೂಟರು ಆ್ಯಪು ಹಾಕಬಹುದು, ತೆಗೆಯಬಹುದು, ಪರದೆಯ ಚಿತ್ರ ಹಿಡಿಯಬಹುದು, ಫೋಟೋ ಎಳೆದುಕೊಳ್ಳಬಹುದು. ನಿನ್ನ ಸ್ವಂತ ಲ್ಯಾಪ್‌ಟಾಪಿಗೆ ಕೊಡು, ತಪ್ಪಿಲ್ಲ. ಹತ್ತಾರು ಮಕ್ಕಳು ಕೂತೇಳುವ ಲ್ಯಾಬಿನ ಕಂಪ್ಯೂಟರಿಗೆ, ಆರ್‌ಟಿ ನಗರದ ರಿಪೇರಿ ಅಂಗಡಿಯ ಕಂಪ್ಯೂಟರಿಗೆ 'ಯಾವಾಗಲೂ' ಅನ್ನಬೇಡ. ರಿಪೇರಿಯವರು ಕೆಟ್ಟವರೆಂದಲ್ಲ; ಅವರ ಯಂತ್ರಕ್ಕೆ ದಿನಕ್ಕೆ ಎಷ್ಟು ಫೋನು ಸೇರುತ್ತವೋ ಅವರಿಗೇ ಲೆಕ್ಕವಿರುವುದಿಲ್ಲ. ಫೋಟೋ ಇಳಿಸಿಕೊಳ್ಳುವುದಕ್ಕೆ ಡಿಬಗಿಂಗ್ ಬೇಕಾಗಿಯೇ ಇಲ್ಲ, 'ಫೈಲ್ ಟ್ರಾನ್ಸ್‌ಫರ್' ಆರಿಸಿದರೆ ಸಾಕು.

ವಿಮಾನ ನಿಲ್ದಾಣದಲ್ಲಿ, ರೈಲಿನಲ್ಲಿ ಇರುವ ಚಾರ್ಜಿಂಗ್ ಪಾಯಿಂಟು ಫೋನಿನ ಮಾಹಿತಿ ಕದಿಯುತ್ತದೆ ಎಂದು ನಿಮ್ಮಮ್ಮ ವಾಟ್ಸಾಪಿನಲ್ಲಿ ಓದಿ ಹೆದರಿದ್ದಾಳೆ. ಹೆದರಿಕೆ ಅತಿಯಾದದ್ದು, ಪೂರಾ ಸುಳ್ಳಲ್ಲ. 2011ರಲ್ಲಿ ಅಮೆರಿಕದ ಡೆಫ್‌ಕಾನ್ ಸಮ್ಮೇಳನದಲ್ಲಿ ಹಾಗಾಗಬಹುದೆಂದು ತೋರಿಸಿದರು. ಆಂಡ್ರಾಯ್ಡ್ 6ರಿಂದ ಫೋನು ತಾನಾಗಿ ಚಾರ್ಜಿಗೆ ಮಾತ್ರ ತೆರೆದುಕೊಳ್ಳುತ್ತದೆ, ಕೇಳದೆ ಮಾಹಿತಿ ಕೊಡುವುದಿಲ್ಲ. ಆದರೆ 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮೋಸದ ಚಾರ್ಜರು ಕೀಬೋರ್ಡಿನ ಹಾಗೆ ನಟಿಸಿ ಆ ಪ್ರಶ್ನೆಗೆ ತಾನೇ 'ಸರಿ' ಒತ್ತಿಕೊಳ್ಳಬಹುದೆಂದು ತೋರಿಸಿದರು. ಯಜಮಾನ ಯಾರು ಎಂಬ ಪ್ರಶ್ನೆ ಅಲ್ಲೂ ಬಂತು ನೋಡು. ಪರಿಹಾರ ಸರಳ: ಯುಎಸ್‌ಬಿ ತೂತು ಬಿಟ್ಟು ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ನಿನ್ನದೇ ಅಡಾಪ್ಟರ್ ಹಾಕು, ಫೋನಿನ ಅಪ್‌ಡೇಟ್ ಬಾಕಿ ಇಡಬೇಡ.

ಭಾನುವಾರ ಬೋರ್ಡು, ಫೋನು, ಇರುವ ಎಲ್ಲ ಕೇಬಲ್ಲುಗಳನ್ನೂ ತಗೊಂಡು ಬಾ. ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಡೆಮೊ ಮುಗಿದ ದಿನ ಲ್ಯಾಬಿನಿಂದ ಹೊರಡುವ ಮುಂಚೆ ಡೆವಲಪರ್ ಆಪ್ಷನ್ಸ್‌ಗೆ ಹೋಗಿ, ಕೊಟ್ಟ ಡಿಬಗಿಂಗ್ ಅನುಮತಿಗಳನ್ನೆಲ್ಲ ರದ್ದು ಮಾಡಿ, ಡಿಬಗಿಂಗ್ ಆಫ್ ಮಾಡು. ಅದು ಆನ್ ಇದ್ದರೆ ಕೆಲವು ಬ್ಯಾಂಕಿನ ಆ್ಯಪುಗಳು ತೆರೆದುಕೊಳ್ಳುವುದೂ ಇಲ್ಲ.