ದೋಷ ವರದಿಗಳ ನಡುವಣ ಸಂಬಂಧ: ಒಂದು ಭಾಷಿಕ ವಿಚಾರ

ನಾಮಪದಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ವಾಕ್ಯವಾಗದು. ಮರದಿಂದ, ಮರಕ್ಕೆ, ಮರದಲ್ಲಿ ಎಂದು ಪ್ರತ್ಯಯ ಬದಲಾದಂತೆ ಕ್ರಿಯೆಯೊಡನೆ ಆ ಪದಕ್ಕಿರುವ ಸಂಬಂಧವೂ ಬದಲಾಗುತ್ತದೆ. ವಿಭಕ್ತಿ ಪಾಠದಲ್ಲಿ ನೀವು ಕಲಿತ ಈ ತತ್ತ್ವ ತಂತ್ರಾಂಶ ಲೋಕಕ್ಕೂ ಅನ್ವಯಿಸುತ್ತದೆ.

ತಂತ್ರಾಂಶದ ದೋಷಗಳನ್ನು ದಾಖಲಿಸಿ, ಪರಿಹಾರವಾಗುವವರೆಗೆ ಅವುಗಳ ಜಾಡು ಹಿಡಿಯುವ ವ್ಯವಸ್ಥೆಯೇ ಬಗ್ ಟ್ರ್ಯಾಕರ್. ಮೊಜಿಲ್ಲಾ ಯೋಜನೆಗಾಗಿ 1998ರಲ್ಲಿ ಆರಂಭವಾದ ಬಗ್‌ಜಿಲ್ಲಾ ಇವುಗಳಲ್ಲಿ ಪ್ರಸಿದ್ಧವಾದುದು. ಇಲ್ಲಿ ಪ್ರತಿ ವರದಿಗೂ ಒಂದು ಸಂಖ್ಯೆಯುಂಟು. ಎರಡು ವರದಿಗಳನ್ನು ಜೋಡಿಸುವಾಗ ಸಂಬಂಧದ ಬಗೆಯನ್ನೂ ಸೂಚಿಸಬೇಕು. ಮುಖ್ಯ ಬಗೆಗಳು ಮೂರು.

1. ಪುನರುಕ್ತಿ: ಒಂದೇ ದೋಷವನ್ನು ಇಬ್ಬರು ತಿಳಿಸಿರುವುದು. ಆಗ ಒಂದನ್ನು ಮುಚ್ಚಿ, ಓದುವವರನ್ನು ಇನ್ನೊಂದಕ್ಕೆ ಕಳುಹಿಸಲಾಗುತ್ತದೆ.

2. ಅವಲಂಬನೆ: ಒಂದು ಪರಿಹಾರವಾಗದೆ ಇನ್ನೊಂದು ಆಗದಿರುವುದು. ಇದಕ್ಕೆ ದಿಕ್ಕುಂಟು. 'ಇದು ಅದನ್ನು ಅವಲಂಬಿಸಿದೆ' ಎಂದು ಒಂದೆಡೆ ದಾಖಲಿಸಿದರೆ, 'ಇದು ಅದನ್ನು ತಡೆದಿದೆ' ಎಂದು ಇನ್ನೊಂದೆಡೆ ತಾನಾಗಿಯೇ ದಾಖಲಾಗುತ್ತದೆ. ಸುತ್ತಿ ಬಂದು ತನ್ನನ್ನೇ ಸೇರುವ ಅವಲಂಬನೆಯನ್ನು ಬಗ್‌ಜಿಲ್ಲಾ ಒಪ್ಪುವುದಿಲ್ಲ.

3. ಸಂಬಂಧಿತ: ನಿಘಂಟಿನಲ್ಲಿ ಬರುವ 'ಇದನ್ನೂ ನೋಡಿ' ಎಂಬ ಸೂಚನೆಯಂಥದು. ಎರಡೂ ವರದಿಗಳು ತೆರೆದೇ ಇರುತ್ತವೆ.

ಒಂದು ನಿದರ್ಶನವನ್ನು ಊಹಿಸೋಣ. 'ರ‍್ಯಾಂಕ್' ಎಂದು ಬರೆಯಲು ರಕಾರದ ಬಳಿಕ ಝಡ್‌ಡಬ್ಲ್ಯೂಜೆ ಎಂಬ ಕಣ್ಣಿಗೆ ಕಾಣದ ಸಂಕೇತವನ್ನು ಇಡಬೇಕು. ಇಲ್ಲದಿದ್ದರೆ ಅರ್ಕಾವತ್ತು ಮೂಡುತ್ತದೆ. ಸಂಕೇತವಿಟ್ಟರೂ ಒಂದು ಫಾಂಟಿನಲ್ಲಿ ಅರ್ಕಾವತ್ತೇ ಬರುತ್ತಿದೆಯೆಂದು ಒಬ್ಬರು 'ರ‍್ಯಾಂಕ್' ಪದವನ್ನೂ ಮತ್ತೊಬ್ಬರು 'ರ‍್ಯಾಲಿ' ಪದವನ್ನೂ ಉದಾಹರಿಸಿ ವರದಿ ಮಾಡಿದ್ದಾರೆ. ಕಾರಣ ಒಂದೇ, ಆದ್ದರಿಂದ ಇದು ಪುನರುಕ್ತಿ. ಆ ಫಾಂಟಿನ ತಿದ್ದುಪಡಿಗಾಗಿ ಒಂದು ನಿಘಂಟಿನ ಬಿಡುಗಡೆ ಕಾದಿದ್ದರೆ, ಅದು ಅವಲಂಬನೆ.

ಮೂರನೆಯ ವರದಿ ಮರಾಠಿಯದು. ಮರಾಠಿಯಲ್ಲಿ 'ದರ್ಯಾ' ಎಂದರೆ ಸಮುದ್ರ, 'ದರ‍್ಯಾ' ಎಂದರೆ ಕಣಿವೆಗಳು. ಎರಡನೆಯ ಪದವೂ ಮೊದಲನೆಯದರಂತೆಯೇ ಕಾಣುತ್ತಿದೆ ಎಂಬುದು ದೂರು. ಎರಡು ಭಾಷೆಗಳಲ್ಲಿ ಓದಿದ ನಮಗೆ ಇದು ಕನ್ನಡದ ದೋಷವೇ ಎನಿಸುವುದು ಸಹಜ. ಆದರೆ ದೇವನಾಗರಿಯಲ್ಲಿ ಈ ರೂಪಕ್ಕಾಗಿ ಯೂನಿಕೋಡ್ ಸಾಮಾನ್ಯವಾಗಿ ಬಳಸುವುದು ಕೆಳಗೆ ಚುಕ್ಕಿಯುಳ್ಳ ಬೇರೊಂದು ರಕಾರವನ್ನು. ಲಿಪಿ ಬೇರೆ, ನಿಯಮ ಬೇರೆ, ತಿದ್ದಬೇಕಾದ ಸ್ಥಳವೂ ಬೇರೆ. ಇದನ್ನು ಪುನರುಕ್ತಿಯೆಂದು ಮುಚ್ಚಿದರೆ, ಕನ್ನಡದ ದೋಷ ನಿವಾರಣೆಯಾದ ದಿನ ಎರಡೂ ಮುಗಿದವೆಂದೇ ಲೆಕ್ಕ. ಮರಾಠಿ ಓದುವ ಮಗುವಿನ ಪರದೆಯಲ್ಲಿ ಮಾತ್ರ ಕಣಿವೆಗಳು ಸಮುದ್ರವಾಗಿಯೇ ಉಳಿಯುತ್ತವೆ. ಇಲ್ಲಿ ಸಲ್ಲುವ ಹೆಸರು 'ಸಂಬಂಧಿತ'.

ಆದುದರಿಂದ ಪುನರುಕ್ತಿಯನ್ನು ನಿರ್ಣಯಿಸಬೇಕಾದದ್ದು ರೂಪಸಾಮ್ಯದಿಂದಲ್ಲ, ಕಾರಣಸಾಮ್ಯದಿಂದ. ರೂಪ ಒಂದೇ ಆದರೂ ಧಾತು ಬೇರೆಯಿರಬಹುದೆಂದು ಬಲ್ಲ ಭಾಷಾ ವಿದ್ಯಾರ್ಥಿಗೆ ಈ ವಿವೇಕ ಹೊಸತಲ್ಲ. ಸಂದೇಹವಿದ್ದಲ್ಲಿ ಎರಡನ್ನೂ ತೆರೆದಿಡುವುದೇ ಕ್ಷೇಮ.

ಅಭ್ಯಾಸ: ಝಡ್‌ಡಬ್ಲ್ಯೂಜೆ ಸಹಿತ ಬರೆದ 'ರ‍್ಯಾಂಕ್' ಪದವು, ಆ ಸಂಕೇತವಿಲ್ಲದೆ ಹುಡುಕಿದಾಗ ದೊರೆಯುತ್ತಿಲ್ಲವೆಂಬ ವರದಿ ಬಂದಿದೆ. ಮೇಲಿನ ಮೊದಲ ವರದಿಯೊಡನೆ ಇದನ್ನು ಯಾವ ಸಂಬಂಧದಿಂದ ಜೋಡಿಸುವಿರಿ? ಸಕಾರಣವಾಗಿ ಉತ್ತರಿಸಿ.